ಹಬ್ಬದ ವಾರದ ಪರೀಕ್ಷೆ

ಹಬ್ಬದ ಮಾರನೆಯ ದಿನ ಜಯನಗರದಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇರುವುದಿಲ್ಲ. ಬನಶಂಕರಿಯಲ್ಲೂ ಇರುವುದಿಲ್ಲ, ಜೆ.ಪಿ. ನಗರದವರಂತೂ ಅದರ ಹೆಸರೇ ಕೇಳಿರುವುದಿಲ್ಲ. ಹಿಂದಿನ ದಿನ ತುಪ್ಪ ಸುರಿದುಕೊಂಡು ಹೋಳಿಗೆ ತಿಂದವರು ಮಾರನೆಯ ಬೆಳಿಗ್ಗೆ ರಕ್ತ ಕೊಡಲು ಬರುತ್ತಾರೆಯೇ? ಒಂದಷ್ಟು ದಿನ ಪಾರ್ಕು ಸುತ್ತಿ, ಅನ್ನ ಬಿಟ್ಟು ಚಪಾತಿ ತಿಂದು, ಮೆಂತ್ಯ ನೆನೆಸಿದ ನೀರು ಕುಡಿದು, ಸಕ್ಕರೆಯನ್ನು ತಕ್ಕಮಟ್ಟಿಗೆ ಇಳಿಸಿಕೊಂಡು ಆಮೇಲೆ ಬರುತ್ತಾರೆ. ಡಾಕ್ಟರ ಮುಂದೆ ಮರ್ಯಾದೆ ಉಳಿಯಬೇಕಲ್ಲ. ಮೂರು ತಿಂಗಳ ಗುಟ್ಟನ್ನು ಒಟ್ಟಿಗೇ ರಟ್ಟು ಮಾಡುವ ಟೆಸ್ಟ್ ಬಂದು ಎಷ್ಟೋ ಕಾಲವಾಯಿತು, ಆದರೂ ನಮ್ಮವರು ಈ ಆಟ ಬಿಟ್ಟಿಲ್ಲ.

ನಾನು ಚಕ್ರಪಾಣಿ. ಜಯನಗರದ ಒಂದು ಡಯಾಗ್ನಾಸ್ಟಿಕ್ ಲ್ಯಾಬಿನ ಕೆಳಗಿನ ಹಾಲ್‌ನಲ್ಲಿ ರಕ್ತ ತೆಗೆಯುವ ಕೌಂಟರುಗಳ ಉಸ್ತುವಾರಿ ನನ್ನದು. ಸ್ವಭಾವ ಸ್ವಲ್ಪ ಖಾರ ಎಂದು ನನ್ನ ಹೆಂಡತಿ ದೂರುತ್ತಾಳೆ. ದಿನಾ ಬೆಳಗಾದರೆ ಕಾಫಿಯೂ ಕುಡಿಯದೆ ಬಂದ ಜನರ ಮುಖ ನೋಡುವವನಿಗೆ ಸ್ವಭಾವ ಬೇರೆ ಹೇಗಿದ್ದೀತು? ಇರಲಿ, ಈಗ ಹೇಳಹೊರಟಿದ್ದು ನನ್ನ ಕಥೆಯಲ್ಲ. ನಮ್ಮ ಲ್ಯಾಬಿನ ಮಹಡಿಯ ಮೇಲೆ, ಏಸಿ ಗಾಳಿ ಬೀಸುವ ಸಣ್ಣ ಕೋಣೆಯ ಪಕ್ಕದಲ್ಲಿ ಕೂರುತ್ತಿದ್ದ ಇಂದ್ರಾಣಿಯವರ ಕಥೆ.

ಇಂದ್ರಾಣಿ ಇಟ್ಟಮಡುವಿನವರು. ಅಪ್ಪ ಬಸ್ ಡ್ರೈವರ್ ಆಗಿದ್ದರಂತೆ. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ನಮ್ಮಲ್ಲಿಗೆ ವರದಿ ಟೈಪ್ ಮಾಡುವ ಕೆಲಸಕ್ಕೆ ಸೇರಿದಾಗ ಆಕೆಗಿನ್ನೂ ಮದುವೆಯಾಗಿರಲಿಲ್ಲ. ಸಂಜೆ ಕ್ಲಾಸುಗಳಿಗೆ ಹೋಗಿ ಡೇಟಾಬೇಸ್ ಕಲಿತರು, ಪರೀಕ್ಷೆ ಕಟ್ಟಿ ಪಾಸಾದರು, ಅದನ್ನು ನೋಡಿಕೊಳ್ಳುವ ಹುದ್ದೆಗೆ ಏರಿದರು. ಗಂಡ ಸುಭಾಷ್‌ಗೆ ಬನಶಂಕರಿ ಮೂರನೇ ಹಂತದಲ್ಲಿ ಎಲೆಕ್ಟ್ರಿಕಲ್ ಅಂಗಡಿ. ತಾಯಿ ನಾಗಲಕ್ಷ್ಮಮ್ಮ ಇವರ ಜೊತೆಗೇ ಇದ್ದಾರೆ. ನಮ್ಮ ಲ್ಯಾಬಿಗೆ ಬಂದುಹೋದ ಪ್ರತಿಯೊಬ್ಬರ ಹೆಸರು, ವಯಸ್ಸು, ರಕ್ತ, ಮೂತ್ರ, ಥೈರಾಯ್ಡು ಎಲ್ಲವೂ ಮಹಡಿಯ ಮೇಲಿನ ಆ ಒಂದು ಯಂತ್ರದಲ್ಲಿದೆ. ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಶಾಖೆಗಳೂ ಅದನ್ನೇ ನಂಬಿಕೊಂಡಿವೆ. ಅದನ್ನು ಕಾಯುವುದು ಇಂದ್ರಾಣಿಯವರ ಕೆಲಸ.

ಆಕೆಗೊಂದು ಅಭ್ಯಾಸವಿತ್ತು. ಬೆಳಗಿನ ಕ್ಯೂ ಜೋರಾಗಿರುವ ಹೊತ್ತಿಗೆ ಮಹಡಿ ಇಳಿದು ಬಂದು, ನೀರಿನ ಫಿಲ್ಟರ್ ಪಕ್ಕ ಟೀ ಲೋಟ ಹಿಡಿದು ನಿಲ್ಲುವರು. ಟೋಕನ್ ಬೋರ್ಡಿನಲ್ಲಿ ಸಂಖ್ಯೆ ಬದಲಾಗುವುದನ್ನು ನೋಡುತ್ತ ನಿಂತೇ ಇರುವರು. ಮೊದಮೊದಲು ನನಗೆ ಕಿರಿಕಿರಿಯಾಗುತ್ತಿತ್ತು. ಒಮ್ಮೆ ಕೇಳಿಯೇಬಿಟ್ಟೆ.

“ಏನ್ ಮೇಡಂ, ನಿಮ್ ಸ್ಕ್ರೀನ್ ಮೇಲೇ ಎಲ್ಲ ಗೊತ್ತಾಗಲ್ವಾ? ಇಲ್ಲಿ ಬಂದು ಏನ್ ನೋಡ್ತೀರಿ?”

“ಸ್ಕ್ರೀನ್ ಮೇಲೆ ಯಂತ್ರ ಕಾಣತ್ತೆ ಸಾರ್, ಜನ ಕಾಣಲ್ಲ” ಎಂದರು.

ಎರಡು ವರ್ಷದಿಂದ ಬೆಳಗಿನ ಹೊತ್ತು ನಮ್ಮ ಕಂಪ್ಯೂಟರ್ ತೆವಳುತ್ತಿತ್ತು. ಕೌಂಟರಿನ ಹುಡುಗಿ ಸುರಭಿ ರೋಗಿಯ ಫೋನ್ ನಂಬರ್ ಹೊಡೆದು ಕಾಯಬೇಕು. ಹಳೆಯ ದಾಖಲೆ ಬರಬೇಕು, ಆಮೇಲೆ ಬಾರ್‌ಕೋಡ್ ಚೀಟಿ ಪ್ರಿಂಟ್ ಆಗಬೇಕು. ಆ ಚೀಟಿ ಟ್ಯೂಬಿಗೆ ಅಂಟದ ಹೊರತು ಸೂಜಿ ಮುಟ್ಟುವಂತಿಲ್ಲ. ಯಾರದೋ ರಕ್ತ ಯಾರದೋ ಹೆಸರಿಗೆ ಹೋದರೆ ಗತಿಯೇನು? ಪರದೆಯ ಮೇಲೆ ಕಾಯಿಸುವ ಚಕ್ರ ತಿರುಗುತ್ತಿದ್ದಷ್ಟು ಹೊತ್ತೂ ಜನ ನನ್ನನ್ನು ಬೈಯುವರು. ನಾನು ಮಹಡಿ ಹತ್ತಿ ಇಂದ್ರಾಣಿಯವರನ್ನು ಬೈಯುವೆನು. ಆಕೆ ಯಾರನ್ನು ಬೈಯಬೇಕು?

ಒಂದು ದಿನ ನನ್ನ ಕೂಗಾಟವೆಲ್ಲ ಮುಗಿದ ಮೇಲೆ ಕೂರಿಸಿ ಕೇಳಿದರು.

“ಚಕ್ರಪಾಣಿ ಸಾರ್, ನಿಮ್ಮನೇಲಿ ಸಾಸಿವೆ ಡಬ್ಬ ಎಲ್ಲಿರತ್ತೆ?”

“ಒಲೆ ಪಕ್ಕದ ಕಟ್ಟೆ ಮೇಲೆ. ಇನ್ನೆಲ್ಲಿರತ್ತೆ?”

“ಹಬ್ಬಕ್ಕೆ ಬೇಕಾಗೋ ದೊಡ್ಡ ಪಾತ್ರೆ?”

“ಅಟ್ಟದ ಮೇಲೆ.”

“ಡೇಟಾಬೇಸ್‌ನಲ್ಲೂ ಹಾಗೇನೇ. ಎಲ್ಲಾ ಮಾಹಿತಿ ಡಿಸ್ಕಲ್ಲಿರತ್ತೆ, ಅದು ಅಟ್ಟ. ಪದೇ ಪದೇ ಬೇಕಾಗಿದ್ದನ್ನ ಮೆಮೊರಿಗೆ ಇಳಿಸಿ ಇಟ್ಕೊಂಡಿರತ್ತೆ, ಅದು ಕಟ್ಟೆ. ಅದಕ್ಕೇ ಬಫರ್ ಕ್ಯಾಶ್ ಅನ್ನೋದು. ನಮ್ ಕಟ್ಟೆ ಚಿಕ್ಕದಾಯ್ತು. ಯಾರಿಗೋ ದೊಡ್ಡ ರಿಪೋರ್ಟ್ ಬೇಕು ಅಂದ್ರೆ ಅಟ್ಟದಿಂದ ಪಾತ್ರೆ ಎಲ್ಲಾ ಇಳೀತವೆ, ಸಾಸಿವೆ ಡಬ್ಬಕ್ಕೆ ಜಾಗ ಇಲ್ಲದೆ ಅದು ಅಟ್ಟಕ್ಕೆ ಹೋಗತ್ತೆ. ಒಗ್ಗರಣೆಗೆ ಸಾಸಿವೆ ಬೇಕಾದಾಗ್ಲೆಲ್ಲ ಏಣಿ ಹತ್ತಬೇಕು.”

“ಹಾಗಾದ್ರೆ ಕಟ್ಟೆ ದೊಡ್ಡದು ಮಾಡಿ, ಮುಗೀತಲ್ಲ.”

“ಅಡುಗೆಮನೆ ಇರೋದೇ ಅಷ್ಟು ಸಾರ್. ಅದೇ ಮೆಮೊರೀಲಿ ವರದಿ ಪ್ರಿಂಟ್ ಮಾಡೋ ಪ್ರೋಗ್ರಾಂ ಓಡ್ಬೇಕು, ಜನರ ಫೋನಿಗೆ ಮೆಸೇಜ್ ಹೋಗ್ಬೇಕು, ಲ್ಯಾಬ್ ಯಂತ್ರಗಳಿಂದ ಫಲಿತಾಂಶ ಒಳಗೆ ಬರ್ಬೇಕು. ಕಟ್ಟೆನೇ ಅಡುಗೆಮನೆ ತುಂಬ್ಕೊಂಡ್ರೆ ಅಡುಗೆ ಮಾಡೋರು ಎಲ್ಲಿ ನಿಲ್ಲೋದು?”

ಅಡುಗೆಮನೆಯನ್ನೇ ದೊಡ್ಡದು ಮಾಡಿ, ಅಂದರೆ ಇನ್ನಷ್ಟು ಮೆಮೊರಿ ತನ್ನಿ, ಇಲ್ಲವೇ ಪ್ರಿಂಟ್ ಕೆಲಸಕ್ಕೆ ಬೇರೆ ಯಂತ್ರ ಕೊಡಿ ಎಂದು ಆಕೆ ಕೇಳುತ್ತಲೇ ಇದ್ದರು. ಆಡಳಿತದವರು ಗೋಣು ಆಡಿಸುತ್ತಲೇ ಇದ್ದರು. ಹೊರಗೆ ಬೋರ್ಡಿಗೆ ಹೊಸ ದೀಪ ಬಂತು, ಹಾಲ್‌ಗೆ ಗಾಜಿನ ಬಾಗಿಲು ಬಂತು, ಮೆಮೊರಿ ಮಾತ್ರ ಬರಲಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಹೊಸ ವರ್ಷಕ್ಕೆ ಆಶ್ರಿತ್ ಬಂದ. ನಮ್ಮ ಎಲ್ಲ ಶಾಖೆಗಳ ಕೆಲಸಕಾರ್ಯಕ್ಕೆ ಹೊಸ ಮುಖ್ಯಸ್ಥ. ಕೆಟ್ಟವನಲ್ಲ, ನಗುಮುಖ, ಎಲ್ಲರಿಗೂ ನಮಸ್ಕಾರ ಹೇಳುವವನು. ಆದರೆ ಅವನಿಗೆ ಎಲ್ಲವೂ ನಾಳೆಯೇ ಆಗಬೇಕು. ಮೊದಲ ಮೀಟಿಂಗಿನಲ್ಲೇ ನಮ್ಮೆಲ್ಲರ ಎದುರು ಹೇಳಿದ:

“ನೋಡಿ ಮೇಡಂ, ಮ್ಯಾನೇಜ್‌ಮೆಂಟ್ ಕ್ಲಿಯರ್ ಆಗಿದೆ. ಬೆಳಗಿನ ಸ್ಲೋನೆಸ್ ಸರಿಹೋಗ್ಲಿಲ್ಲ ಅಂದ್ರೆ ಈ ಸರ್ವರ್ ರೂಮೇ ಕ್ಲೋಸ್. ಹೊರಗಿನ ಕಂಪನಿಗೆ ಕೊಟ್ಬಿಡ್ತಾರೆ. ಆಗ ನಿಮ್ ರೋಲ್ ಇರಲ್ಲ. ನನಗೆ ನೀವು ಇರ್ಬೇಕು ಅಂತಾನೇ ಇದೆ. ಇರೋ ಮೆಮೊರಿಲೇ ಬಫರ್ ಕ್ಯಾಶ್ ಮ್ಯಾಕ್ಸಿಮಮ್‌ಗೆ ಹಾಕಿ. ರಿಸ್ಕ್ ಏನಿದೆ ಅಂತ ಇವ್ಯಾಲ್ಯುಯೇಟ್ ಮಾಡಿ, ಸೈನ್ ಮಾಡಿ ಕೊಡಿ.”

“ಯಾವತ್ತಿನೊಳಗೆ ಸಾರ್?”

“ಮಾರ್ಚ್ ಕ್ಲೋಸಿಂಗ್ ಒಳಗೆ.”

ಇಷ್ಟೇ ವಿಷಯ. ಕಟ್ಟೆಯನ್ನು ಎಷ್ಟು ದೊಡ್ಡದು ಮಾಡಬಹುದು ಎನ್ನುವುದರ ಮೇಲೆ ಒಬ್ಬ ಹೆಂಗಸಿನ ಇಡೀ ಉದ್ಯೋಗ ನಿಂತಿತು. ನಲವತ್ತು ದಾಟಿ ಐದಾರು ವರ್ಷವಾದವರಿಗೆ ಈ ಊರಿನಲ್ಲಿ ಹೊಸ ಕೆಲಸ ಯಾರು ಕೊಡುತ್ತಾರೆ? ಬಿಟಿಎಂನ ಪಿಜಿಗಳ ತುಂಬ ಅರ್ಧ ಸಂಬಳಕ್ಕೆ ಬರುವ ಮಕ್ಕಳಿದ್ದಾರೆ.

ಇಂದ್ರಾಣಿ ಹೆದರಿದರೂ ಅವಸರ ಮಾಡಲಿಲ್ಲ. ಬಫರ್ ಕ್ಯಾಶನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು, ಏರಿಸಿದಾಗಲೆಲ್ಲ ಎಲ್ಲ ಅಂಕಿ ಅಂಶ ಬರೆದಿಡುವುದು, ಕೊನೆಗೆ ಆಶ್ರಿತ್ ಕೇಳಿದ ಮಟ್ಟಕ್ಕೆ ಒಯ್ದು ಇಡೀ ಒಂದು ವಾರ ನೋಡುವುದು ಎಂದು ಲೆಕ್ಕ ಹಾಕಿಕೊಂಡರು. ಕೊನೆಯ ವಾರ ಬಂದದ್ದು ಯುಗಾದಿಗೆ. ಆ ವಾರ ಆಕೆ ಕೆಳಗೆ ಇಳಿದು ಬರಲಿಲ್ಲ. ಆಶ್ರಿತ್ ಗಂಟೆಗೊಂದು ಗ್ರಾಫ್ ಕೇಳುತ್ತಿದ್ದ. ಕುರ್ಚಿ ಬಿಟ್ಟು ಏಳಲು ಆಗುತ್ತಿರಲಿಲ್ಲ. ಟೀ ಕೂಡ ಮೇಲೆಯೇ ತರಿಸಿಕೊಂಡರು.

ಕೆಳಗೆ ನನಗೋ ಸ್ವರ್ಗ. ಹಾಲ್‌ನಲ್ಲಿ ಫ್ಯಾನಿನ ಸದ್ದು ಕೇಳಿಸುತ್ತಿತ್ತು. ಸುರಭಿ ಫೋನ್ ನಂಬರ್ ಹೊಡೆಯುವುದೇ ತಡ, ದಾಖಲೆ ಕಣ್ಣೆದುರು. ಚೀಟಿ ಟಕ್ಕೆಂದು ಹೊರಗೆ. ನಾನೇ ಮಹಡಿ ಹತ್ತಿ ಹೋಗಿ ಹೊಗಳಿದೆ.

“ಸಖತ್ತಾಗಿದೆ ಮೇಡಂ! ಏನ್ ಮಾಡಿದ್ರಿ?”

“ಕೇಳಿದ್ದೆಲ್ಲ ಮೆಮೊರಿಲೇ ಸಿಗ್ತಿದೆ ಸಾರ್. ಡಿಸ್ಕಿಗೆ ಹೋಗೋದೇ ಬೇಡ” ಎಂದು ಖುಷಿಯಿಂದ ಪರದೆ ತೋರಿಸಿದರು. ಪರದೆಯ ತುಂಬ ಹಸಿರು. ಡಬ್ಬಿಯಿಂದ ಹೋಳಿಗೆ ತೆಗೆದು ಕೊಟ್ಟರು. ನಾಗಲಕ್ಷ್ಮಮ್ಮನವರ ಕೈಯದು, ಬೆಣ್ಣೆಯಂತಿತ್ತು. ಇಂದ್ರಾಣಿಯೂ ಒಂದು ತಿಂದರು. ಅವರಿಗೆ ಹಿಂದಿನ ವರ್ಷದ ತಪಾಸಣೆಯಲ್ಲಿ ಸಕ್ಕರೆ ಅಂಚಿನಲ್ಲಿದೆ, ಮತ್ತೆ ಪರೀಕ್ಷೆ ಮಾಡಿಸಿ ಎಂದು ಬಂದಿತ್ತು. ನಾನು ನೆನಪಿಸಿದೆ.

“ಹಬ್ಬ ಮುಗೀಲಿ ಸಾರ್, ಮಾಡಿಸ್ತೀನಿ” ಎಂದರು.

ವಾರದ ಕೊನೆಗೆ ಅಪಾಯ ಕಡಿಮೆ ಎಂದು ಬರೆದು ಸಹಿ ಹಾಕಿ ಕೊಟ್ಟರು. ಆಶ್ರಿತ್ ಎಲ್ಲರಿಗೂ ಸಿಹಿ ಹಂಚಿದ. ಅದೂ ಸಿಹಿಯೇ!

ಯುಗಾದಿಯ ಬೆನ್ನಿಗೇ ರಾಮನವಮಿ. ಪಾನಕ ಮುಗಿಯುವ ತನಕ ಯಾರೂ ಬರುವುದಿಲ್ಲ ಎಂಬುದು ನನಗೆ ಅಂಗೈ ರೇಖೆಯಷ್ಟೇ ಗೊತ್ತಿದ್ದ ಸಂಗತಿ. ಆದರೆ ಮಹಡಿಯ ಮೇಲಿನ ಯಂತ್ರಕ್ಕೂ ಜನರ ಹೊಟ್ಟೆಯೊಳಗಿನ ಹೋಳಿಗೆಗೂ ನಂಟಿದೆ ಎಂದು ನನಗಾಗಲಿ ಆಕೆಗಾಗಲಿ ಹೊಳೆಯಬೇಕಲ್ಲ.

ಆ ಹಬ್ಬವೂ ಕಳೆದ ಮೇಲಿನ ಸೋಮವಾರ ನಾನು ಬಾಗಿಲು ತೆಗೆಯುವ ಮೊದಲೇ ಕ್ಯೂ ಪಕ್ಕದ ಬೇಕರಿಯನ್ನು ದಾಟಿತ್ತು. ಹತ್ತು ದಿನ ವಾಕ್ ಮಾಡಿ ಸಕ್ಕರೆ ಇಳಿಸಿಕೊಂಡವರೆಲ್ಲ ಒಟ್ಟಿಗೆ ಬಂದಿದ್ದರು. ಬನಶಂಕರಿಯಿಂದ ಫೋನ್, ಜೆ.ಪಿ. ನಗರದಿಂದ ಫೋನ್, ಅಲ್ಲೂ ಇದೇ ಕಥೆ. ಮೊದಲ ಒಂದಷ್ಟು ಜನರ ರಕ್ತ ಸರಾಗವಾಗಿ ತೆಗೆದೆವು. ಆಮೇಲೆ ಚಕ್ರ ತಿರುಗಲು ಶುರುವಾಯಿತು. ಆಮೇಲೆ ಚಕ್ರವೂ ನಿಂತಿತು. ಇಷ್ಟು ದಿನ ತೆವಳುತ್ತಿದ್ದದ್ದು ಈಗ ಮಲಗಿಯೇಬಿಟ್ಟಿತು.

ಮಹಡಿಯ ಮೇಲೆ ನಡೆದದ್ದು ನನಗೆ ಆಮೇಲೆ ತಿಳಿಯಿತು. ಅಷ್ಟೂ ಶಾಖೆಗಳ ವರದಿಗಳು ಒಟ್ಟಿಗೆ ಪ್ರಿಂಟಿಗೆ ಬಂದಾಗ ಆ ಪ್ರೋಗ್ರಾಂಗೆ ಮೆಮೊರಿಯೇ ಸಿಗಲಿಲ್ಲ. ಡೇಟಾಬೇಸ್ ಎಲ್ಲವನ್ನೂ ಹಿಡಿದುಕೊಂಡು ಕೂತಿತ್ತು. ಯಂತ್ರ ಬೇರೆ ದಾರಿ ಕಾಣದೆ ಮೆಮೊರಿಯಲ್ಲಿದ್ದದ್ದನ್ನೇ ಡಿಸ್ಕಿಗೆ ಸಾಗಿಸಿ, ಮತ್ತೆ ಡಿಸ್ಕಿನಿಂದ ತಂದು, ಮತ್ತೆ ಸಾಗಿಸಿ, ಅದೇ ಕೆಲಸದಲ್ಲಿ ಮುಳುಗಿಹೋಯಿತು.

ಕೆಳಗೆ ನಾನು ಕೈಮುಗಿದು ನಿಂತಿದ್ದೆ. ಶಾಮಣ್ಣನವರು ನಮ್ಮ ಹಳೆಯ ಗಿರಾಕಿ, ಅಂಚೆ ಇಲಾಖೆಯಿಂದ ನಿವೃತ್ತರಾದವರು, ಎಪ್ಪತ್ತು ದಾಟಿದವರು. ತಲೆಗೆ ಉಣ್ಣೆ ಟೋಪಿ, ಕೈಯಲ್ಲಿ ಬಟ್ಟೆ ಚೀಲ.

“ಏನಪ್ಪಾ ಚಕ್ರಪಾಣಿ, ನಾನು ರಕ್ತ ಕೊಡೋಕೆ ಬಂದಿರೋದು, ಪ್ರಾಣ ಕೊಡೋಕಲ್ಲ” ಎಂದರು.

“ಐದೇ ನಿಮಿಷ ಸಾರ್.”

“ಈ ಮಾತನ್ನ ಆಗಿಂದ ಹೇಳ್ತಾನೇ ಇದೀಯ.”

ಹಿಂದಿನಿಂದ ಇನ್ನೊಬ್ಬ ಗಟ್ಟಿಯಾಗಿ ಕೂಗಿದ. ಒಬ್ಬ ಹೆಂಗಸು ದುಡ್ಡು ವಾಪಸ್ ಕೊಡಿ ಎಂದರು. ತಿಂಡಿ ತಿಂದ ಎರಡು ಗಂಟೆಗೆ ಸರಿಯಾಗಿ ಮತ್ತೆ ರಕ್ತ ಕೊಡಬೇಕಾದವರು ಗಡಿಯಾರ ತೋರಿಸುತ್ತ ಕೌಂಟರ್ ಬಡಿದರು. ಎರಡು ಗಂಟೆ ದಾಟಿದರೆ ಆ ಲೆಕ್ಕಕ್ಕೆ ಅರ್ಥವಿಲ್ಲ. ಅಷ್ಟರಲ್ಲಿ ಶಾಮಣ್ಣನವರು ನಿಂತಲ್ಲೇ ಕುಸಿದರು. ಎತ್ತಿ ಬೆಂಚಿನ ಮೇಲೆ ಮಲಗಿಸಿ ಸಕ್ಕರೆ ನೀರು ಕುಡಿಸಿದೆವು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರು, ದೇವರ ದಯೆ. ಅಲ್ಲಿಗೆ ಅವರ ಖಾಲಿ ಹೊಟ್ಟೆಯ ಪರೀಕ್ಷೆಯೂ ಹೋಯಿತು.

ಇಂದ್ರಾಣಿ ಮೆಟ್ಟಿಲಿಳಿದು ಓಡಿ ಬಂದವರು ಅದನ್ನು ಕಂಡು ಬಾಗಿಲಲ್ಲೇ ನಿಂತರು. 

“ಏನಾದ್ರೂ ಮಾಡಿ ಮೇಡಂ!” ನಾನು ಕಿರುಚಿದೆ.

“ಹಳೇ ಅಳತೆಗೆ ತಂದು ರೀಸ್ಟಾರ್ಟ್ ಮಾಡ್ಬೇಕು. ಆದ್ರೆ ರೀಸ್ಟಾರ್ಟ್ ಮಾಡಿದ್ರೆ ಕಟ್ಟೆ ಪೂರ್ತಿ ಖಾಲಿಯಾಗತ್ತೆ ಸಾರ್. ಪ್ರತಿಯೊಂದೂ ಮತ್ತೆ ಅಟ್ಟದಿಂದ ಇಳೀಬೇಕು. ಇನ್ನೂ ಸ್ವಲ್ಪ ಹೊತ್ತು ನಿಧಾನ ಇರತ್ತೆ. ತಡ್ಕೋತೀರಾ?”

“ತಡ್ಕೊಳ್ಳೋರು ನಾನಲ್ಲ, ಅವರು!”

ಆಕೆ ಮಾಡಿದರು. ಬೇರೆ ದಾರಿ ಇರಲಿಲ್ಲ. ಆ ಬೆಳಗಿನ ಉಳಿದ ಹೊತ್ತು ಕೇಳಿದಂಥ ಬೈಗುಳವನ್ನು ನಾನು ಜನ್ಮದಲ್ಲೇ ಕೇಳಿರಲಿಲ್ಲ.

ಮಧ್ಯಾಹ್ನ ಆಶ್ರಿತ್ ಕೇಳಿದ ಪ್ರಶ್ನೆ ಒಂದೇ. “ಮೇಡಂ, ನೀವೇ ಅಲ್ವಾ ರಿಸ್ಕ್ ಕಡಿಮೆ ಅಂತ ಸೈನ್ ಹಾಕಿದ್ದು?” ಗರಿಷ್ಠ ಮಟ್ಟಕ್ಕೆ ಹಾಕಿ ಎಂದದ್ದು ಯಾರು, ಮೆಮೊರಿ ಕೊಡದೆ ಸತಾಯಿಸಿದ್ದು ಯಾರು ಎಂಬ ಪ್ರಶ್ನೆ ನನ್ನ ನಾಲಿಗೆ ತುದಿಗೆ ಬಂದಿತ್ತು. ಇಂದ್ರಾಣಿ ನನ್ನ ಕಡೆ ನೋಡಿ ಬೇಡ ಎಂಬಂತೆ ತಲೆಯಾಡಿಸಿದರು. “ಹೌದು ಸಾರ್, ನಾನೇ” ಎಂದರು.

 ಆಮೇಲೆ ದಿನಗಟ್ಟಲೆ ಆಕೆ ತಾವು ಬರೆದಿಟ್ಟ ಅಂಕಿಗಳನ್ನೇ ಮತ್ತೆ ಮತ್ತೆ ನೋಡುವರು. ಎಲ್ಲವೂ ಸರಿಯಿತ್ತು, ಮತ್ತೆ ಹೀಗೇಕಾಯಿತು? ಊಟದ ಡಬ್ಬಿ ತೆರೆಯದೆ ಮನೆಗೆ ಒಯ್ಯುವರು. ನೋಡಲಾರದೆ ನಾನೇ ಒಂದು ಸಂಜೆ ಮಾತೆತ್ತಿದೆ.

“ಮೇಡಂ, ಕಂಪ್ಯೂಟರ್ ಚಿಂತೆ ಬಿಡಿ. ಯುಗಾದಿ ಆಯ್ತು, ರಾಮನವಮಿನೂ ಆಯ್ತು. ನಿಮ್ ಶುಗರ್ ಟೆಸ್ಟ್ ಯಾವಾಗ?”

“ಮಾಡಿಸ್ತೀನಿ ಸಾರ್. ಹಬ್ಬದಲ್ಲಿ ಸ್ವಲ್ಪ ಜಾಸ್ತಿನೇ ತಿಂದ್ಬಿಟ್ಟೆ. ಈಗ ನೋಡಿದ್ರೆ ಸುಮ್ನೆ ಗಾಬರಿ. ಒಂದಷ್ಟು ದಿನ ವಾಕ್ ಮಾಡಿ, ಇಳಿಸ್ಕೊಂಡು, ಆಮೇಲೆ...”

ಮಾತು ಅಲ್ಲಿಗೇ ನಿಂತಿತು. ನನ್ನನ್ನು ದಿಟ್ಟಿಸಿ ನೋಡಿದರು. ನಾನೇನೋ ತಪ್ಪು ಮಾತಾಡಿದೆನೇ ಎಂದು ಗಾಬರಿಯಾಯಿತು.

“ಸಾರ್, ಯುಗಾದಿ ವಾರ ಕೆಳಗೆ ಎಷ್ಟು ಜನ ಇದ್ರು?”

“ಯಾರಿದ್ರು? ನೊಣ ಹೊಡೀತಾ ಕೂತಿದ್ವಿ.”

“ಪ್ರತಿ ವರ್ಷ ಹೀಗೇನಾ?”

“ವರ್ಷ ಏನು, ಪ್ರತಿ ಹಬ್ಬದಲ್ಲೂ. ಎಲ್ಲಾರೂ ನಿಮ್ ತರಾನೇ ಹೇಳೋದು.”

ಇಂದ್ರಾಣಿ ಹಣೆ ಹಣೆ ಬಡಿದುಕೊಂಡರು. “ನಾನು ಟೆಸ್ಟ್ ಮಾಡಿದ್ದು ಖಾಲಿ ಅಂಗಡೀಲಿ ಸಾರ್! ಜನಾನೇ ಇಲ್ಲದ ವಾರದಲ್ಲಿ ಅಳತೆ ತಗೊಂಡು ಅಪಾಯ ಇಲ್ಲ ಅಂತ ಬರೆದೆ. ಹೋಳಿಗೆ ತಿಂದೋಳು ನಾನು, ಟೆಸ್ಟ್ ಮುಂದಕ್ಕೆ ಹಾಕಿದೋಳು ನಾನು. ನನಗೆ ಹೊಳೀಬೇಡ್ವಾ?” ಎಂದು ನಕ್ಕರು. ನಗುತ್ತಲೇ ಕಣ್ಣಲ್ಲಿ ನೀರು ಬಂತು. 

ಮತ್ತೆ ಮೊದಲಿಂದ ಶುರು ಮಾಡಿದರು. ಈ ಸಲ ಪರೀಕ್ಷೆ ಮಾಡಿದ್ದು ಸೋಮವಾರಗಳಲ್ಲಿ, ಕ್ಯೂ ಬೇಕರಿ ಮುಟ್ಟಿದಾಗ, ತಾವೇ ಫಿಲ್ಟರ್ ಪಕ್ಕ ನಿಂತು. ಕಟ್ಟೆಯನ್ನು ಸ್ವಲ್ಪವೇ ದೊಡ್ಡದು ಮಾಡಿದರು. ಬೆಳಿಗ್ಗೆ ಯಾರೂ ದೊಡ್ಡ ರಿಪೋರ್ಟ್ ತೆಗೆಯಕೂಡದು ಎಂದು ಕಟ್ಟುಮಾಡಿದರು. ಮಳೆಗಾಲದ ಹೊತ್ತಿಗೆ ತೆವಳುವುದು ಕಡಿಮೆಯಾಗಿ ನಡೆಯುವ ಮಟ್ಟಕ್ಕೆ ಬಂತು. ಓಡಬೇಕಾದರೆ ಪ್ರಿಂಟ್ ಕೆಲಸಕ್ಕೆ ಬೇರೆ ಯಂತ್ರ ಬೇಕೇ ಬೇಕು ಎಂದು ಮತ್ತೆ ಬರೆದು ಕೊಟ್ಟರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಕಿಕೊಳ್ಳುವುದಾದರೂ ಹೇಗೆ? ಅಷ್ಟರಲ್ಲಿ ಹೊರಗಿನ ಕಂಪನಿಯವರು ಬಂದಾಗಿತ್ತು. ಎಲ್ಲವನ್ನೂ ತಮ್ಮ ಕಡೆ ಸಾಗಿಸಿಕೊಂಡು ಮಿಂಚಿನಂತೆ ಓಡಿಸುತ್ತೇವೆ ಎಂದರಂತೆ. ನಮ್ಮ ದತ್ತಾಂಶದ ಪ್ರತಿಯನ್ನು ಅವರ ಯಂತ್ರದಲ್ಲಿಟ್ಟು ಒಂದು ವಾರ ಕೌಂಟರುಗಳನ್ನು ಅದರ ಮೇಲೇ ಓಡಿಸಿ ತೋರಿಸುವುದು ಎಂದಾಯಿತು. ಯಾವ ವಾರ? ಗೌರಿ ಗಣೇಶ ಹಬ್ಬದ ವಾರ.

ಆಶ್ರಿತ್ ಇಂದ್ರಾಣಿಯವರನ್ನು ಕರೆದಾಗ ನಾನೂ ಅಲ್ಲಿದ್ದೆ, ಕೌಂಟರಿನ ಪರವಾಗಿ.

“ಸಾರ್, ಆ ವಾರ ಬೇಡ” ಎಂದರು ಇಂದ್ರಾಣಿ. “ಹಬ್ಬದಲ್ಲಿ ಯಾರೂ ಶುಗರ್ ಟೆಸ್ಟಿಗೆ ಬರಲ್ಲ. ಹಬ್ಬ ಕಳೆದು ಎರಡನೇ ಸೋಮವಾರ ಇಟ್ಕೊಳ್ಳಿ. ಅವತ್ತು ತಡ್ಕೊಂಡ್ರೆ ನಾನೇ ಒಪ್ಕೋತೀನಿ.”

“ಮೇಡಂ, ಹಬ್ಬಕ್ಕೂ ಬಫರ್ ಕ್ಯಾಶ್‌ಗೂ ಏನ್ ಸಂಬಂಧ?” ಆಶ್ರಿತ್ ನಿಜಕ್ಕೂ ಅರ್ಥವಾಗದೆ ನಕ್ಕ. “ರಷ್ ಇರಲ್ಲ ಅಂತಾನೇ ಆ ವಾರ ಆರಿಸಿರೋದು. ಪೇಷಂಟ್ಸ್‌ಗೆ ಡಿಸ್ಟರ್ಬೆನ್ಸ್ ಆಗಲ್ಲ.”

“ರಷ್ ಇಲ್ದಾಗ ಎಲ್ಲಾ ಯಂತ್ರನೂ ಚೆನ್ನಾಗೇ ಓಡತ್ತೆ ಸಾರ್. ಯುಗಾದೀಲಿ ನಂದೂ ಓಡಿತ್ತು.”

ನಾನು ಸುಮ್ಮನಿರಲಾಗದೆ ನಡುವೆ ಬಾಯಿ ಹಾಕಿದೆ. “ಆಮೇಲೆ ಬೆಂಚಿನ ಮೇಲೆ ಮಲಗಿದ್ದು ಶಾಮಣ್ಣನವರು. ಸಕ್ಕರೆ ನೀರು ಕುಡಿಸಿದ್ದು ನಾನು.”

“ಅಂಕಲ್, ಅದು ಹಳೇ ಸೆಟ್ಟಿಂಗ್. ಇದು ಬೇರೆ ಲೆವೆಲ್” ಎಂದ ಆಶ್ರಿತ್. ಆಮೇಲೆ ಇಂದ್ರಾಣಿಯವರ ಕಡೆ ತಿರುಗಿ ದನಿ ತಗ್ಗಿಸಿದ. “ಮೇಡಂ, ಟ್ರಯಲ್ ಆದ್ಮೇಲೆ ರಿಸ್ಕ್ ಲೋ ಅಂತ ನಿಮ್ ಸೈನ್ ಬೇಕು. ನೀವು ಹಳಬರು, ನಿಮ್ ಮಾತಿಗೆ ಮ್ಯಾನೇಜ್‌ಮೆಂಟ್‌ನಲ್ಲಿ ಬೆಲೆ ಇದೆ. ಸೈನ್ ಮಾಡಿದ್ರೆ ನಿಮ್ಮನ್ನ ಆ ಕಂಪನಿ ಜೊತೆ ಕೋ-ಆರ್ಡಿನೇಟರ್ ಮಾಡಿಸ್ತೀನಿ. ಇಲ್ದಿದ್ರೆ ನನ್ ಕೈಲಿ ಏನೂ ಇಲ್ಲ.”

ಬೆಲೆ ಇದೆಯಂತೆ! ಮೆಮೊರಿ ಕೇಳಿದಾಗ ಇಲ್ಲದ ಬೆಲೆ ಸಹಿ ಬೇಕಾದಾಗ ಬಂತು.

 ಇಂದ್ರಾಣಿಯವರ ಮನೆಯ ಸಾಲ, ವಯಸ್ಸಾದ ತಾಯಿ, ಗಂಡನ ಅಂಗಡಿಯ ಏರಿಳಿತ, ಎಲ್ಲ ನನಗೂ ಗೊತ್ತಿತ್ತು. ಹಾಕಿಬಿಡಿ ಮೇಡಂ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಬೇಡ ಎಂದೂ ಹೇಳುತ್ತಿತ್ತು. ಅಂಥ ಸಂಕಟದಲ್ಲಿ ಒಬ್ಬರನ್ನು ಸಿಕ್ಕಿಸುವವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

“ಒಂದ್ಸಲ ಗೊತ್ತಿಲ್ದೆ ಹಾಕ್ದೆ ಸಾರ್” ಎಂದರು ಇಂದ್ರಾಣಿ. “ಗೊತ್ತಿದ್ದು ಹಾಕಲ್ಲ.”

ಗಣೇಶ ಹಬ್ಬ ಬಂತು. ಮಾರನೆಯ ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಹೊರಗೆ ಯಾರೂ ಇರಲಿಲ್ಲ. ಸುರಭಿ ಕುರ್ಚಿಯಲ್ಲಿ ಕೂತು ಮನೆಯಿಂದ ತಂದ ಚಕ್ಕುಲಿ ಮುರಿಯುತ್ತಿದ್ದಳು. ಮಹಡಿಯ ಮೇಲೆ ಕಂಪನಿಯವರು, ಆಶ್ರಿತ್, ಆಡಳಿತದ ಇಬ್ಬರು ದೊಡ್ಡವರು ಪರದೆಯ ಮುಂದೆ ಸೇರಿದ್ದರು. ಆಗೊಮ್ಮೆ ಈಗೊಮ್ಮೆ ಚಪ್ಪಾಳೆ ಕೇಳಿಸುತ್ತಿತ್ತು. ಕೆಲಸವನ್ನು ಅವರಿಗೇ ಕೊಡುವುದು ಗ್ಯಾರಂಟಿ, ತಿಂಗಳ ಕೊನೆಗೆ ಇಂದ್ರಾಣಿಯವರು ಹೊರಡಬೇಕು ಎಂಬ ಸುದ್ದಿ ಟೀ ತರುವ ಮಹೇಶನ ಬಾಯಲ್ಲೂ ಇತ್ತು. ಹೊಸ ವ್ಯವಸ್ಥೆಗೆ ದೀಪಾವಳಿಯ ವಾರವೇ ಮುಹೂರ್ತವಂತೆ.

ಆಗ ಇಂದ್ರಾಣಿ ಬಂದರು. ಮೆಟ್ಟಿಲ ಕಡೆ ಹೋಗದೆ ನೇರ ಕೌಂಟರಿಗೆ ಬಂದು ಟೋಕನ್ ಒತ್ತಿದರು. ಒಂದನೇ ನಂಬರ್.

“ಏನ್ ಮೇಡಂ?” ಎಂದೆ.

“ಶುಗರ್ ಟೆಸ್ಟ್ ಸಾರ್. ಖಾಲಿ ಹೊಟ್ಟೇದು, ತಿಂಡಿ ಆದ್ಮೇಲಿಂದು, ಮೂರು ತಿಂಗಳಿಂದೂ ಸೇರಿಸಿ.”

“ಇವತ್ತಾ? ನಿನ್ನೆ ಕಡುಬು ತಿಂದಿಲ್ವಾ?”

“ನಮ್ಮಮ್ಮ ಮಾಡಿದ್ರು, ಹೊಟ್ಟೆ ತುಂಬ ತಿಂದೆ. ಅದಕ್ಕೇ ಇವತ್ತೇ ಬಂದೆ.”

ಇಷ್ಟು ವರ್ಷದಲ್ಲಿ ಹಬ್ಬದ ಮಾರನೆಯ ದಿನ ತಾವಾಗಿ ಸಕ್ಕರೆ ಪರೀಕ್ಷೆಗೆ ಬಂದ ಮೊದಲನೆಯವರು ಆಕೆ. ಸುರಭಿ ಚಕ್ಕುಲಿ ಬದಿಗಿಟ್ಟು ಕೈ ತೊಳೆದು ಬಂದಳು. ಫೋನ್ ನಂಬರ್ ಹೊಡೆದಳು. ದಾಖಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು, ಚೀಟಿ ಹೊರಬಿತ್ತು. ಮಹಡಿಯ ಮೇಲೆ ಮತ್ತೆ ಚಪ್ಪಾಳೆ. ಆ ಚಪ್ಪಾಳೆ ಆಕೆಯ ಚೀಟಿಗೇ ಬಿದ್ದದ್ದು. ಆ ಹೊತ್ತಿನಲ್ಲಿ ಹಾಲ್‌ನಲ್ಲಿ ಬೇರೆ ಯಾರೂ ಇರಲಿಲ್ಲ.  ಇಂದ್ರಾಣಿ ತೋಳು ಚಾಚಿ ಸೂಜಿಯನ್ನೇ ನೋಡುತ್ತ ಕೂತಿದ್ದರು.

ಮಧ್ಯಾಹ್ನ ವರದಿ ಬಂತು. ಮೂರೂ ಹೆಚ್ಚಿದ್ದವು. ಸಕ್ಕರೆ ಅಂಚು ದಾಟಿ ಸಾಕಷ್ಟು ಮುಂದೆ ಹೋಗಿತ್ತು.  ಆಕೆ ನಿಂತಲ್ಲೇ ಪೂರ್ತಿ ಓದಿದರು, ಇನ್ನೊಮ್ಮೆ ಓದಿದರು.

“ಸ್ವಲ್ಪ ದಿನ ಬಿಟ್ಟು ಇನ್ನೊಂದ್ಸಲ ಮಾಡಿಸಿ ಮೇಡಂ, ಕಡಿಮೆ ಬರತ್ತೆ” ಎಂದೆ, ಸಮಾಧಾನಕ್ಕೆ.

“ಬರತ್ತೆ ಸಾರ್. ಆದ್ರೆ ಡಾಕ್ಟರ್‌ಗೆ ತೋರಿಸೋದು ಇದನ್ನೇ.”

ವರದಿ ಪಡೆದದ್ದಕ್ಕೆ ಪುಸ್ತಕದಲ್ಲಿ ರುಜು ಹಾಕಬೇಕು. ಪುಸ್ತಕ ತಿರುಗಿಸಿ ಪೆನ್ನು ಕೊಟ್ಟೆ. ಮೇಲಿನಿಂದ ಆಶ್ರಿತ್ ಯಾರಿಗೋ ಅಭಿನಂದನೆ ಹೇಳುವುದು ಕೇಳಿಸಿತು. ಇಂದ್ರಾಣಿ ಅತ್ತ ಒಮ್ಮೆ ನೋಡಿದರು.

“ಇದಕ್ಕೆ ಹಾಕ್ತೀನಿ” ಎಂದು ಪೂರ್ತಿ ಹೆಸರು ಬರೆದು ಸಹಿ ಮಾಡಿದರು.